‘ಹಜರತ್, ಇದು ನಿಮ್ಮ ಭಾವನ ಕಾರಾ?’

ಕೊಟ್ಟೂರಿಗೆ ಮದ್ರಸ ಕಲಿಸಲು ಬಂದು ವರ್ಷಗಳೇ ಆದವು. ಕರಾವಳಿಯಲ್ಲಿ ಉಸ್ತಾದ್ ಆಗಿದ್ದವನು ಇಲ್ಲಿ ಎಲ್ಲರಿಗೂ ಹಜರತ್. ಬೇಸಿಗೆ ರಜೆ ಬಂತೆಂದರೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಪರಿಚಯದವರದ್ದು ಒಂದೇ ಮಾತು: “ಹಜರತ್, ನಿಮ್ಮ ಕಡೆ ಸಮುದ್ರ ನೋಡಾಕ ಹೋಗ್ಬೇಕು. ಕಾರು ಯಾವ್ದು ಮಾಡೋಣ?” ಘಟ್ಟದ ಮೇಲಿನ ನೆಂಟರು ನಿಮ್ಮಲ್ಲೂ ಹೀಗೆ ಕೇಳಿರಬಹುದು. ನನಗೆ ಉತ್ತರ ಗೊತ್ತಾದದ್ದು ಒಂದು ತಪ್ಪು ಮಾಡಿದ ಮೇಲೆ.

ಎರಡು ವರ್ಷದ ಹಿಂದೆ ಪಕ್ಕದ ಮನೆಯವರೊಂದಿಗೆ ಹೊರಟೆ. ಎಪ್ಪತ್ತು ದಾಟಿದ ದಾದಿಮಾ ಅದುವರೆಗೆ ಸಮುದ್ರ ನೋಡಿದವರಲ್ಲ. ಪರಿಚಯದವರೊಬ್ಬರ ವೈಟ್ ಬೋರ್ಡ್ ಕಾರು ಕಡಿಮೆ ಬಾಡಿಗೆಗೆ ಸಿಕ್ಕಿತು. ಕೀ ಕೊಡುವಾಗ ಅವರು ಹೇಳಿದ್ದು ಇಷ್ಟೇ: “ಯಾರಾದ್ರೂ ಕೇಳಿದ್ರೆ ಸಂಬಂಧಿಕರ ಕಾರು ಅನ್ನಿ.” ನಾವು ನಕ್ಕು ಹೊರಟೆವು.

ಹರಪನಹಳ್ಳಿ, ಹರಿಹರ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ. ಸುಮಾರು 300 ಕಿ.ಮೀ. ಆಗುಂಬೆಯ 14 ತಿರುವು ಇಳಿದ ಮೇಲೆ ಒಂದು ಕಡೆ ತಪಾಸಣೆ. “ಯಾರ ಕಾರು?” ಅಂತ ಕೇಳಿದರು. ಮುಂದಿನ ಸೀಟಿನಲ್ಲಿದ್ದ ನಾನು “ನನ್ನ ಭಾವನದ್ದು” ಅಂದುಬಿಟ್ಟೆ. ಬಿಟ್ಟರು. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ನನ್ನ ಮದ್ರಸದಲ್ಲೇ ಕಲಿಯುವ ಒಂಬತ್ತರ ಹುಡುಗ ಕೇಳಿದ: “ಹಜರತ್, ಇದು ನಿಮ್ಮ ಭಾವನ ಕಾರಾ?” ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಮಲ್ಪೆಯಲ್ಲಿ ದಾದಿಮಾ ಪಾದ ಮುಳುಗುವಷ್ಟು ನೀರಿಗಿಳಿದು ಬೊಗಸೆಯಲ್ಲಿ ಎತ್ತಿ ನೋಡಿದರು. “ಇಷ್ಟು ನೀರು, ಕುಡಿಯಾಕ ಬರಂಗಿಲ್ಲಲ್ಲಪ್ಪ” ಅಂದರು. ಬೋರ್‌ವೆಲ್ ಬತ್ತುವ ಸೀಮೆಯವರ ಮಾತು ಅದು. ವಾಪಸ್ ಹೊರಡುವಾಗ ಕಾರು ಹಿಂದಕ್ಕೆ ತೆಗೆಯಲು ಹೋಗಿ ಕಂಬಕ್ಕೆ ತಾಗಿ ಹಿಂಬದಿ ನುಗ್ಗಾಯಿತು. ಇನ್ಶೂರೆನ್ಸ್ ಕೇಳೋಣವೆಂದರೆ ಮಾಲೀಕರು ಒಪ್ಪಲಿಲ್ಲ; ಬಾಡಿಗೆಗೆ ಕೊಟ್ಟದ್ದು ಹೊರಗೆ ಬರುತ್ತದಲ್ಲ! ರಿಪೇರಿ ದುಡ್ಡು ಪೂರಾ ನಮ್ಮ ಜೇಬಿನಿಂದ ಹೋಯಿತು. ಉಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು.

ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಬಿಳಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇದ್ದರೆ ಸ್ವಂತ ಬಳಕೆಯ ಕಾರು. ಅದರ ಪಾಲಿಸಿಯಲ್ಲೇ ಬಾಡಿಗೆ ಓಡಾಟಕ್ಕೆ ವಿಮೆ ಇಲ್ಲ ಎಂದು ಬರೆದಿರುತ್ತದೆ. ಕಂಬಕ್ಕೆ ತಾಗಿದ್ದು ನಮ್ಮ ಅದೃಷ್ಟ. ಮನುಷ್ಯರಿಗೆ ತಾಗಿದ್ದರೆ ಕೋರ್ಟು ಕಚೇರಿ ಅಲೆಯಬೇಕಿತ್ತು. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇದ್ದರೆ ಡ್ರೈವರ್ ಸಮೇತ ಸಿಗುವ ಟ್ಯಾಕ್ಸಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ನಾವೇ ಓಡಿಸುವ ಬಾಡಿಗೆ ಕಾರು. 1989ರ ರೆಂಟ್-ಎ-ಕ್ಯಾಬ್ ಯೋಜನೆಯ ಪ್ರಕಾರ ಇದರ ಲೈಸೆನ್ಸ್ ಸಿಗಬೇಕಾದರೆ ಕನಿಷ್ಠ 50 ಕಾರು ಇರಬೇಕು. ಅಂದರೆ ಮನೆಯ ಒಂದು ಕಾರನ್ನು ಹೀಗೆ ಬಾಡಿಗೆಗೆ ಬಿಡಲು ಕಾನೂನಿನಲ್ಲಿ ಅವಕಾಶವೇ ಇಲ್ಲ.

ಈ ಬೇಸಿಗೆಯಲ್ಲಿ ಅದೇ ಮನೆಯವರೊಂದಿಗೆ ಎಲ್ಲೋ ಬೋರ್ಡ್ ಕಾರಿನಲ್ಲಿ ಹೋದೆವು. ಮೊದಲೇ ಕೂತು ಮಾತಾಡಿದೆವು: ಕಿ.ಮೀ.ಗೆ ಎಷ್ಟು, ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ. ಲೆಕ್ಕ, ಡ್ರೈವರ್ ಬಾಟಾ ಎಷ್ಟು, ಟೋಲ್ ಮತ್ತು ಪಾರ್ಕಿಂಗ್ ಯಾರದ್ದು. ಮೀಟರ್ ರೀಡಿಂಗ್ ಬರೆದಿಟ್ಟುಕೊಂಡೆವು. ಮಾತು ಸ್ಪಷ್ಟ ಇದ್ದರೆ ಕೊನೆಗೆ ಜಗಳ ಇಲ್ಲ.

ಉಡುಪಿಯಲ್ಲಿ ಉಳಿದು ಒಂದು ದಿನ ಉತ್ತರಕ್ಕೆ ಮರವಂತೆಗೆ ಹೋದೆವು. ಅಲ್ಲಿ ಹೆದ್ದಾರಿ 66ರ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಮರುದಿನ ದಕ್ಷಿಣಕ್ಕೆ, 1901ರ ಕಾಪು ದೀಪಸ್ತಂಭ ನೋಡಿ, ನೇತ್ರಾವತಿ ದಾಟಿ ಉಳ್ಳಾಲ. ಸಾಸ್ತಾನ ಮತ್ತು ಹೆಜಮಾಡಿಯಲ್ಲಿ ಟೋಲ್ ಇದೆ. ಹಡಗಲಿ ಕಡೆಯವರಾದರೆ ಹಾವೇರಿ, ಶಿರಸಿ, ಕುಮಟಾ ದಾರಿಯಲ್ಲೂ ಬರಬಹುದು. ಮಳೆಗಾಲ ಮಾತ್ರ ಬೇಡ. ಸಮುದ್ರಕ್ಕೆ ಇಳಿಯುವಂತಿಲ್ಲ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ರಜೆ.

ಬೀಚಿನಲ್ಲಿ ಫೋಟೋಗೆಂದು ಕಾರನ್ನು ಮರಳಿಗೆ ಇಳಿಸೋಣ ಅಂತ ಹುಡುಗರು ಹಟ ಹಿಡಿದರು. ಬೇಡ ಅಂದೆ. ಮರಳಲ್ಲಿ ಚಕ್ರ ಹೂತರೆ ಎತ್ತುವುದು ಕಷ್ಟ, ಉಪ್ಪುನೀರು ತಾಗಿದರೆ ತುಕ್ಕು. ಬಾಡಿಗೆಗೆ ಪಡೆದ ವಸ್ತು ನಮ್ಮ ಕೈಯಲ್ಲಿ ಅಮಾನತ್ ಎಂದು ಪಾಠ ಮಾಡುವವನೇ ನಾನು.

ಹಿಂದಿನ ಸಲದ ಹಾಗೆಯೇ ಈ ಸಲವೂ ಘಾಟಿಯ ಕೆಳಗೆ ನಮ್ಮನ್ನು ನಿಲ್ಲಿಸಿದರು. ಡ್ರೈವರ್ ಕಾಗದ ತೆಗೆಯುವ ಮೊದಲೇ ಹಿಂದಿನ ಕಿಟಕಿಯಿಂದ ಆ ಹುಡುಗ ತಲೆ ಹೊರಗೆ ಹಾಕಿದ.

“ಬಾಡಿಗೆ ಕಾರು, ಸಾರ್!”