ಹಳೆಯ ಕ್ಯಾಮೆರಾ, ಅದಕ್ಕಿಂತ ಹಳೆಯ ನೆಗೆಟಿವ್‌ಗಳು

ಈ ಸಲದ ಸಂಚಿಕೆ ಹುಟ್ಟಿದ್ದು ಒಂದು ಪ್ರಶ್ನೆಯಿಂದ. ಕಳಿಸಿದವರು ಜಾರ್ಜಿಯಾದ ಕಮ್ಮಿಂಗ್‌ನಲ್ಲಿರುವ ಒಬ್ಬ ಕೇಳುಗರು. ಅಟ್ಲಾಂಟಾದಿಂದ ಉತ್ತರಕ್ಕೆ, ಲೇನಿಯರ್ ಸರೋವರದ ಪಕ್ಕದ ಊರು ಅದು. ಅವರಿಗೆ ಸೋನಿ ಎ7ಆರ್ 2 ಅನ್ನೋ ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಸಿಗ್ತಾ ಇದೆ. 2015ರ ಮಾಡೆಲ್, 42 ಮೆಗಾಪಿಕ್ಸೆಲ್. ಹೊಸದಾಗಿ ಬಂದಾಗ ಸುಮಾರು 3,200 ಡಾಲರ್ ಇತ್ತು, ಈಗ ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. "ಇಷ್ಟು ಹಳೇದನ್ನ ತಗೋಬಹುದಾ ಸಾರ್, ಅಥವಾ ಕಾಸು ನೀರಿಗೆ ಹಾಕಿದ ಹಾಗಾ?" ಅಂತ ಕೇಳಿದ್ದಾರೆ.

ಅವರ ಮುಂದೆ ಎರಡು ಕೆಲಸ ಇವೆ. ಸಾಗರದ ಮನೆಯ ಅಟ್ಟದಲ್ಲಿ ಒಂದು ಟ್ರಂಕ್, ಅದರ ತುಂಬ ಅವರ ತಂದೆ ತೆಗೆದ ಫೋಟೋಗಳ ನೆಗೆಟಿವ್. ಡಿಸೆಂಬರ್ ರಜೆಗೆ ಹೋದಾಗ ಅವನ್ನೆಲ್ಲ ಡಿಜಿಟಲ್ ಮಾಡಿಕೊಂಡು ಬರಬೇಕು. ಅವರ ಅಜ್ಜಿಯ ಒಂದೇ ಒಂದು ಚಿತ್ರ ಉಳಿದಿರೋದು ಅದರಲ್ಲಿ, ಅದೂ ಮದುವೆಯ ಗ್ರೂಪ್ ಫೋಟೋದ ಹಿಂದಿನ ಸಾಲಿನಲ್ಲಿ. ಎರಡನೆಯದು, ಮಾರ್ಚ್‌ನಲ್ಲಿ ಮಗಳ ರಂಗಪ್ರವೇಶ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಟ್ರಂಕಿನ ಕೆಲಸಕ್ಕೆ ಧಾರಾಳವಾಗಿ ತಗೊಳ್ಳಿ. ರಂಗಪ್ರವೇಶಕ್ಕೆ ಅದನ್ನ ನಂಬಬೇಡಿ. ಒಂದೇ ಕ್ಯಾಮೆರಾ ಒಂದು ಕಡೆ ಹಳೆಯದಾಗದೆ ಇನ್ನೊಂದು ಕಡೆ ಮುದಿಯಾಗೋದು ಹೇಗೆ ಅನ್ನೋದೇ ಇವತ್ತಿನ ವಿಷಯ.

ಮಿರರ್‌ಲೆಸ್ ಅಂದ್ರೆ ಗೊತ್ತಲ್ಲ, ಹಳೆಯ ಎಸ್‌ಎಲ್‌ಆರ್‌ನಲ್ಲಿ ಇದ್ದ ಕನ್ನಡಿ ಇಲ್ಲಿಲ್ಲ. ಬೆಳಕು ನೇರವಾಗಿ ಸೆನ್ಸರ್ ಮೇಲೆ ಬೀಳುತ್ತೆ. ಸೆನ್ಸರನ್ನ ಅಂಗಳದಲ್ಲಿ ಒತ್ತೊತ್ತಾಗಿ ಇಟ್ಟ ಲೋಟಗಳು ಅಂದುಕೊಳ್ಳಿ, ಬೆಳಕು ಮಳೆ. ಹಿಂದಿನ ಸೆನ್ಸರ್‌ಗಳಲ್ಲಿ ಲೋಟಗಳ ಬಾಯಿಗೆ ಅಡ್ಡವಾಗಿ ತಂತಿಗಳು ಹಾದುಹೋಗ್ತಿದ್ದವು, ಒಂದಷ್ಟು ಮಳೆ ತಂತಿಗೇ ಬಡಿದು ಹಾಳಾಗ್ತಿತ್ತು. ಆ ತಂತಿಗಳನ್ನ ಲೋಟದ ಹಿಂದಕ್ಕೆ ಸರಿಸಿದ ವಿನ್ಯಾಸ ಫೋನ್‌ಗಳಲ್ಲಿ ಮೊದಲೇ ಬಂದಿತ್ತು. ಫುಲ್ ಫ್ರೇಮ್, ಅಂದ್ರೆ 36 ಮಿ.ಮೀ. ಅಗಲ 24 ಮಿ.ಮೀ. ಎತ್ತರದ ಸೆನ್ಸರ್‌ಗೆ ಅದನ್ನ ಮೊದಲು ತಂದಿದ್ದು ಇದೇ ಎ7ಆರ್ 2.

ಆಮೇಲೆ ಏನು ಸುಧಾರಿಸಿತು? ಈ ವಿಷಯದಲ್ಲಿ, ನಿಜ ಹೇಳಬೇಕಂದ್ರೆ, ಸ್ವಲ್ಪವೇ. ಬಿದ್ದ ಫೋಟಾನ್‌ಗಳಲ್ಲಿ ಅರ್ಧವನ್ನ ಹಿಡಿಯುವ ಸೆನ್ಸರ್ ಇದೆ ಅಂದುಕೊಳ್ಳಿ. ನಾಳೆ ಅಷ್ಟನ್ನೂ ಹಿಡಿಯುವ ಪವಾಡದ ಸೆನ್ಸರ್ ಬಂದರೂ ಲಾಭ ದುಪ್ಪಟ್ಟು, ಫೋಟೋದವರ ಭಾಷೆಯಲ್ಲಿ ಒಂದೇ ಒಂದು ಸ್ಟಾಪ್. ಮೇಲಾಗಿ ಬೆಳಕಿಗೇ ಒಂದು ಗದ್ದಲ ಇದೆ. ಒಂದು ಪಿಕ್ಸೆಲ್‌ಗೆ ಸರಾಸರಿ 10,000 ಫೋಟಾನ್ ಬಿದ್ದರೆ ಸುಮಾರು 100ರಷ್ಟು ಏರುಪೇರು ಇದ್ದೇ ಇರುತ್ತೆ, ಶೇ. 1. ಬರೀ 100 ಬಿದ್ದರೆ ಏರುಪೇರು 10, ಶೇ. 10. ಕತ್ತಲಲ್ಲಿ ಚಿತ್ರ ಮರಳು ಮರಳಾಗೋದಕ್ಕೆ ಮುಖ್ಯ ಕಾರಣ ಇದು. ಇದನ್ನ ಯಾವ ಕಂಪನಿಯೂ ರಿಪೇರಿ ಮಾಡೋಕಾಗಲ್ಲ.

ಇನ್ನು ಮೆಗಾಪಿಕ್ಸೆಲ್. 2019ರ ಎ7ಆರ್ 4ರಲ್ಲಿ 61 ಇವೆ. ಕೇಳೋಕೆ ದೊಡ್ಡದು. ಆದರೆ ಅಡ್ಡಡ್ಡಲಾಗಿ ಎಣಿಸಿದರೆ 7,952 ಇದ್ದದ್ದು 9,504 ಆಯ್ತು, ಶೇ. 20 ಹೆಚ್ಚು, ಅಷ್ಟೇ.

ಈಗ ಟ್ರಂಕ್ ತೆಗೆಯೋಣ. ಅವರ ತಂದೆಯ ಹತ್ತಿರ ಇದ್ದದ್ದು ಆಗ್ಫಾ ಕ್ಲಿಕ್ 3. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇದ್ದಿರಬಹುದು. 120 ರೋಲ್, ಹನ್ನೆರಡು ಚಿತ್ರ, ನೆಗೆಟಿವ್ ಚೌಕ, ಪ್ರತಿ ಬದಿ ಸುಮಾರು 56 ಮಿ.ಮೀ. ಈ ಚೌಕವನ್ನ ಸೆನ್ಸರ್‌ನ ಚಿಕ್ಕ ಬದಿಗೆ, ಅಂದ್ರೆ 5,304 ಪಿಕ್ಸೆಲ್‌ಗೆ ಹೊಂದಿಸಿದರೆ ಒಂದು ಮಿಲಿಮೀಟರಿಗೆ 95 ಪಿಕ್ಸೆಲ್ ಸಿಗುತ್ತೆ. ಗ್ರೂಪ್ ಫೋಟೋದಲ್ಲಿ ಅಜ್ಜಿಯ ಮುಖ ನೆಗೆಟಿವ್ ಮೇಲೆ 2 ಮಿ.ಮೀ. ಇದ್ದರೆ 190 ಪಿಕ್ಸೆಲ್ ಎತ್ತರ. ಸಾಧಾರಣ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 140ರ ಆಸುಪಾಸು.

ವ್ಯತ್ಯಾಸ ಇದೆ. ಆದರೆ ಕ್ಲಿಕ್ 3ರ ಲೆನ್ಸ್ ತೀರಾ ಸರಳವಾದದ್ದು. ಅದು ಫಿಲ್ಮಿಗೆ ಇಳಿಸದೇ ಇದ್ದ ಕಣ್ಣಿನ ರೆಪ್ಪೆಯನ್ನ ನಾವೆಷ್ಟು ಪಿಕ್ಸೆಲ್ ಸುರಿದರೂ ಹುಟ್ಟಿಸೋಕಾಗಲ್ಲ. ಬರೀ ಈ ರೋಲ್‌ಗಳೇ ಆಗಿದ್ದರೆ 24 ಸಾಕು ಅಂತಿದ್ದೆ. ಟ್ರಂಕಿನಲ್ಲಿ ಚಿಕ್ಕಪ್ಪನ 35 ಮಿ.ಮೀ. ರೋಲ್‌ಗಳೂ ಇವೆ ಅಂತ ಬರೆದಿದ್ದಾರಲ್ಲ, 42 ಉಪಯೋಗಕ್ಕೆ ಬರೋದು ಅಲ್ಲಿ. ಮ್ಯಾಕ್ರೋ ಲೆನ್ಸ್‌ನಲ್ಲಿ ಒಂದಕ್ಕೊಂದು ಅಳತೆಯಲ್ಲಿ ತೆಗೆದರೆ ಮಿಲಿಮೀಟರಿಗೆ 220 ಪಿಕ್ಸೆಲ್, ಇಂಚಿಗೆ 5,600.

ಇಲ್ಲಿ ಒಂದು ಹಳ್ಳ ಇದೆ, ನಾನೂ ಬಿದ್ದಿದ್ದೆ. ಎಲ್ಲಾ ಚೂಪಾಗಿ ಬರಲಿ ಅಂತ ರಂಧ್ರ ಕಿರಿದು ಮಾಡಿ ಎಫ್16ರಲ್ಲಿ ಇಟ್ಟು ಒಂದು ಇಡೀ ಭಾನುವಾರ ನೆಗೆಟಿವ್ ಕಾಪಿ ಮಾಡಿದೆ. ಎಲ್ಲಾ ಮಂಕು. ಬೆಳಕು ಅಲೆ ನೋಡಿ, ಸಣ್ಣ ರಂಧ್ರದಲ್ಲಿ ಹಾದಾಗ ಹರಡಿಕೊಳ್ಳುತ್ತೆ. ಅಷ್ಟು ಹತ್ತಿರದಿಂದ ತೆಗೆಯುವಾಗ ಲೆನ್ಸ್ ಮೇಲಿನ ಅಂಕಿ ದುಪ್ಪಟ್ಟಾದ ಹಾಗೆ ಕೆಲಸ ಮಾಡುತ್ತೆ, 16 ಅಂದ್ರೆ 32. ಆಗ ಒಂದು ಚುಕ್ಕೆ 43 ಮೈಕ್ರಾನ್ ಅಗಲಕ್ಕೆ ಹರಡುತ್ತೆ. ಈ ಸೆನ್ಸರ್‌ನ ಒಂದು ಪಿಕ್ಸೆಲ್ 4.5 ಮೈಕ್ರಾನ್. ಎಫ್5.6ರಲ್ಲಿ ಇಡಿ, ನೆಗೆಟಿವ್ ಸಪಾಟಾಗಿ ಇರೋ ಹಾಗೆ ನೋಡ್ಕೊಳ್ಳಿ. ಹಣ ಉಳಿದರೆ ಅದು ಮ್ಯಾಕ್ರೋ ಲೆನ್ಸ್‌ಗೆ, ಗಟ್ಟಿ ಸ್ಟ್ಯಾಂಡ್‌ಗೆ, ಒಳ್ಳೆಯ ಎಲ್‌ಇಡಿ ಪ್ಯಾನೆಲ್‌ಗೆ ಹೋಗಲಿ.

ರಂಗಪ್ರವೇಶದ ಕಥೆ ಬೇರೆ. ಹೈಸ್ಕೂಲ್ ಆಡಿಟೋರಿಯಂ, ಎಲ್‌ಇಡಿ ದೀಪ, ಮಗು ಜತಿಗೆ ಸರಸರ ಹೆಜ್ಜೆ ಹಾಕ್ತಾ ಇದೆ. ಸದ್ದು ಬೇಡ ಅಂತ ಸೈಲೆಂಟ್ ಶಟರ್ ಹಾಕಿದರೆ ಈ ಹಳೆಯ ಸೆನ್ಸರ್ ಚಿತ್ರವನ್ನ ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ನಿಧಾನವಾಗಿ ಓದುತ್ತೆ. ಅಷ್ಟರಲ್ಲಿ ಕೈ ಸರಿದಿರುತ್ತೆ, ದೀಪ ಹಲವು ಸಲ ಮಿಣುಕಿರುತ್ತೆ. ಬೆರಳು ಸೊಟ್ಟ, ಚಿತ್ರದ ಮೇಲೆ ಅಡ್ಡ ಪಟ್ಟೆ. ಮೆಕ್ಯಾನಿಕಲ್ ಶಟರ್‌ನಲ್ಲಿ ಸೆಕೆಂಡಿಗೆ ಐದೇ ಚಿತ್ರ. ಕಣ್ಣನ್ನ ಹಿಂಬಾಲಿಸುವ ಫೋಕಸ್ ಆಗಿನ್ನೂ ಅಂಬೆಗಾಲಿಡ್ತಿತ್ತು, ಹತ್ತು ವರ್ಷದಲ್ಲಿ ಓಡಿದ್ದು ಅದೇ. ಬ್ಯಾಟರಿ ವ್ಯೂಫೈಂಡರ್ ಬಳಸಿದರೆ 290 ಚಿತ್ರಕ್ಕೆ ಅಂತ ಕಂಪನಿಯೇ ಹೇಳಿದೆ, ವರ್ಣ ಮುಗಿಯೋದರೊಳಗೆ ಬದಲಾಯಿಸಬೇಕು. ಇನ್ನೊಂದು ತಮಾಷೆ: ಸಣ್ಣ ಗೆರೆಗಳನ್ನ ಸ್ವಲ್ಪ ಮಸುಕು ಮಾಡುವ ಫಿಲ್ಟರ್ ಇದರಲ್ಲಿಲ್ಲ. ಹಾಗಾಗಿ ಇಳಕಲ್ ಸೀರೆಯ ಸಣ್ಣ ಚೌಕಳಿ ಪಿಕ್ಸೆಲ್ ಸಾಲಿನ ಜೊತೆ ಜಗಳಕ್ಕೆ ಬಿದ್ದು, ಇಲ್ಲದ ಬಣ್ಣದ ಅಲೆಗಳು ಕಾಣಿಸಬಹುದು. ಆ ದಿನಕ್ಕೆ ಹೊಸ ಬಾಡಿಯೊಂದನ್ನ ಬಾಡಿಗೆಗೆ ತನ್ನಿ, ಇಲ್ಲವೇ ಫೋಟೋಗ್ರಾಫರ್‌ಗೆ ಹೇಳಿ ನೀವು ಮುಂದಿನ ಸಾಲಿನಲ್ಲಿ ಕೂತು ನೋಡಿ.

ಇನ್ನೂ ಅಗ್ಗ ಅಂತ 2013ರ ಮೊದಲ ಎ7ಆರ್ ಕಡೆ ಹೋಗಬೇಡಿ. 36 ಮೆಗಾಪಿಕ್ಸೆಲ್ ಚೆನ್ನಾಗೇ ಇದೆ, ಆದರೆ ಅದರ ಶಟರ್ ಬಡಿತಕ್ಕೆ ಕ್ಯಾಮೆರಾನೇ ನಡುಗಿ ಚಿತ್ರ ಅಲುಗುತ್ತೆ. ಸ್ವಲ್ಪ ಹೆಚ್ಚು ಕೊಡೋ ಹಾಗಿದ್ದರೆ 2017ರ ಎ7ಆರ್ 3 ನೋಡಿ. ಅದೇ 42, ಆದರೆ ಬ್ಯಾಟರಿ ದೊಡ್ಡದು, ಕಾರ್ಡ್ ಎರಡು. ಸೆನ್ಸರನ್ನ ಒಂದೊಂದೇ ಪಿಕ್ಸೆಲ್ ಸರಿಸಿ ನಾಲ್ಕು ಚಿತ್ರ ತೆಗೆಯುವ ವಿಧಾನವೂ ಇದೆ. ಹಳೆಯ ಬಣ್ಣದ ಸ್ಲೈಡ್, ಕಾಗದಪತ್ರಗಳಿಗೆ ಅದು ಬಹಳ ಒಳ್ಳೆಯದು.

ಕೊಳ್ಳುವಾಗ ವಾಪಸ್ ಮಾಡುವ ಅವಕಾಶ ಇರೋ ಕಡೆಯೇ ಕೊಳ್ಳಿ. ಎಫ್16ರಲ್ಲಿ ಖಾಲಿ ಆಕಾಶ ತೆಗೆದರೆ ಸೆನ್ಸರ್ ಮೇಲಿನ ಕಲೆ ಕಾಣುತ್ತೆ, ಮುಚ್ಚಳ ಹಾಕಿ ಹತ್ತು ಸೆಕೆಂಡ್ ತೆಗೆದರೆ ಕೆಟ್ಟ ಪಿಕ್ಸೆಲ್‌ಗಳು ಹೊಳೆಯುತ್ತವೆ. ಬ್ಯಾಟರಿ ಉಬ್ಬಿದೆಯಾ ನೋಡಿ. ಸಾನೀ ಬೆಟ್ಟ ಹತ್ತಿ ಇಂಡಿಯನ್ ಸೀಟ್ಸ್‌ನಿಂದ ದೂರದ ಗುಡ್ಡ ತೆಗೆದು ಪರೀಕ್ಷೆ ಮಾಡ್ತೀನಿ ಅಂದಿದ್ದಾರೆ. ಸೆಕೆಯ ಮಧ್ಯಾಹ್ನ ಬೇಡ, ಬಿಸಿ ಗಾಳಿ ನಡುಗಿ ಲೆನ್ಸ್ ಕೆಟ್ಟಿದೆ ಅನ್ನಿಸುತ್ತೆ. ತಣ್ಣನೆಯ ಬೆಳಗ್ಗೆ ಹೋಗಿ. ಕಂಪ್ರೆಸ್ ಮಾಡದ ರಾ ಫೈಲ್ ಒಂದೊಂದೂ 85 ಎಂಬಿ, ಸಾವಿರ ನೆಗೆಟಿವ್‌ಗೆ 85 ಜಿಬಿ. ಎರಡು ಡ್ರೈವ್ ಒಯ್ಯಿರಿ, ಒಂದು ಸಾಗರದಲ್ಲೇ ಇರಲಿ.

ಕ್ಯಾಮೆರಾ ಇನ್ನಷ್ಟು ಅಗ್ಗವಾಗಲಿ ಅಂತ ಇನ್ನೊಂದು ವರ್ಷ ಮಾತ್ರ ಕಾಯಬೇಡಿ. ಆ ಕಾಲದ ಫಿಲ್ಮಿನ ತಳ ಸಾಮಾನ್ಯವಾಗಿ ಸೆಲ್ಯುಲೋಸ್ ಅಸಿಟೇಟ್. ಬಿಸಿ, ತೇವ ಸೇರಿದರೆ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತೆ, ಬಿಟ್ಟ ಆಮ್ಲವೇ ಒಡೆಯೋದನ್ನ ಇನ್ನೂ ಜೋರು ಮಾಡುತ್ತೆ. ಫಿಲ್ಮ್ ಕುಗ್ಗಿ ಸುಕ್ಕಾಗುತ್ತೆ, ಚಿತ್ರದ ಪದರ ಎದ್ದು ಬರುತ್ತೆ. ಮಲೆನಾಡಿನ ಅಟ್ಟ, ಮುಚ್ಚಿದ ಟ್ರಂಕ್, ಅಷ್ಟೊಂದು ಮಳೆಗಾಲ. ಡಿಸೆಂಬರ್‌ನಲ್ಲಿ ಟ್ರಂಕ್ ತೆಗೆದ ತಕ್ಷಣ ರೋಲ್‌ಗಳನ್ನ ಒಂದೊಂದಾಗಿ ಮೂಸಿ ನೋಡಿ. ವಿನೆಗರ್ ವಾಸನೆ ಬಂದವನ್ನ ಬೇರೆ ಡಬ್ಬಿಗೆ ಹಾಕಿ, ಕೆಲಸ ಅವುಗಳಿಂದಲೇ ಶುರು ಮಾಡಿ. ಅಜ್ಜಿಯ ಚಿತ್ರ ಸಿಕ್ಕಿದರೆ ನಮಗೂ ತಿಳಿಸಿ.