ಬೇಲಿಯ ಗುಲಗಂಜಿ: ಕಣ್ಣಿಗೆ ಚೆಂದ, ಹೊಟ್ಟೆಗೆ ನಂಜು

ಬಬ್ಬೂರಿನ ಸುತ್ತಿನ ಬೇಲಿ, ಕುರುಚಲು ಕಾಡುಗಳಲ್ಲಿ ಗುಲಗಂಜಿ ಬಳ್ಳಿಯನ್ನು ನೀವು ಕಂಡೇ ಇರುತ್ತೀರಿ. ಹುಣಸೆಯಂಥ ಎಲೆ, ಪಕ್ಕದ ಗಿಡವನ್ನು ಸುತ್ತಿಕೊಂಡು ಮೇಲೇರುತ್ತದೆ. ಇದೂ ನಮ್ಮ ಅವರೆ, ತೊಗರಿ, ಹುರುಳಿಗಳ ಕುಲದ್ದೇ. ಆದರೆ ಕುಲ ಒಂದಾದರೂ ಗುಣ ಬೇರೆ.

ಕಾಯಿ ಒಣಗಿ ಬಿರಿದಾಗ ಕೆಂಪು ಮೈಯ, ಕಪ್ಪು ಮೂತಿಯ ಬೀಜ ಕಾಣುತ್ತದೆ. ಹಿಂದೆ ಅಕ್ಕಸಾಲಿಗರು ಇದನ್ನೇ ತೂಕಕ್ಕಿಟ್ಟು ಚಿನ್ನ ತೂಗುತ್ತಿದ್ದರು. ಮಕ್ಕಳಿಗೂ ಇದು ಬಲು ಇಷ್ಟ. ಅಪಾಯ ಇರುವುದೇ ಅಲ್ಲಿ. ಬೀಜದೊಳಗೆ ಅಬ್ರಿನ್ ಎಂಬ ಕಡುನಂಜುಂಟು. ಇಡಿಯಾಗಿ ನುಂಗಿದರೆ, ಸಿಪ್ಪೆ ಗಟ್ಟಿಯಾದ್ದರಿಂದ ಹಲವು ಸಲ ಹಾಗೇ ಹೊರಬೀಳುತ್ತದೆ. ಅಗಿದರೆ, ಇಲ್ಲವೇ ಸರಕ್ಕೆಂದು ತೂತು ಕೊರೆದ ಬೀಜವನ್ನು ನುಂಗಿದರೆ, ನಂಜು ಮೈಗೇರುತ್ತದೆ.

ವಾಂತಿ, ಭೇದಿ ಶುರುವಾಗಲು ಕೆಲವು ಗಂಟೆ, ಒಮ್ಮೊಮ್ಮೆ ಒಂದೆರಡು ದಿನವೂ ಹಿಡಿದೀತು. "ಮಗು ಆಡ್ಕೊಂಡೇ ಇದೆಯಲ್ಲ" ಅಂತ ಕಾಯಬೇಡಿ. ಈ ನಂಜನ್ನು ಇಳಿಸುವ ಮದ್ದು ಇನ್ನೂ ಇಲ್ಲ. ಬೇಗ ಸಿಕ್ಕ ಚಿಕಿತ್ಸೆಯೇ ಜೀವ ಉಳಿಸೀತು. ಕೂಡಲೇ ಆಸ್ಪತ್ರೆಗೆ ಒಯ್ಯಿರಿ, ಬೀಜವನ್ನೂ ತೋರಿಸಿ.

ಮನೆ, ಶಾಲೆ, ಕೊಟ್ಟಿಗೆಗಳ ಹತ್ತಿರದ ಬಳ್ಳಿಯನ್ನು ಕಾಯಿ ಬಲಿಯುವ ಮುನ್ನ ಬೇರುಸಹಿತ ಅಗೆದು ತೆಗೆಯಿರಿ. ಬರೀ ಕೊಯ್ದರೆ ಮತ್ತೆ ಚಿಗುರುತ್ತದೆ.