ಚೊಂಬನ್ನು ನೋಡಿ ಬರೆಯುವುದು

ಚಿತ್ರ ಬರೆಯಲು ಹೊರಟ ಮಗುವಿನ ಮುಂದೆ ಮಾದರಿ ಪುಸ್ತಕವೊಂದನ್ನಿಟ್ಟು "ಹೀಗೆಯೇ ಬರೆ" ಎನ್ನುವುದು ನಮ್ಮ ಮನೆಗಳ ರೂಢಿ. ಎರಡು ಗುಡ್ಡ, ನಡುವೆ ಸೂರ್ಯ, ಬದಿಯಲ್ಲೊಂದು ತೆಂಗಿನ ಮರ: ಈ ಚಿತ್ರವನ್ನು ಬರೆಯದ ಮಗು ಅಪರೂಪ. ಕಾಸರಗೋಡಿನ ಮಗು ಬರೆದರೆ ಸರಿ. ಸೊಲ್ಲಾಪುರದ ಬಯಲಿನಲ್ಲಿ ಬೆಳೆದ ಮಗುವೂ ಅದನ್ನೇ ಬರೆಯುತ್ತದೆ. ಅದು ಕಣ್ಣಿನಿಂದ ನೋಡಿ ಬರೆದುದಲ್ಲ, ಮಗ್ಗಿಯಂತೆ ಕೈಗೆ ಪಾಠವಾದದ್ದು. ನೋಡಿ ಬರೆಯುವ ಅಭ್ಯಾಸಕ್ಕೆ ಅಡಿಗೆಮನೆಯ ಹಿತ್ತಾಳೆಯ ಚೊಂಬೊಂದು ಸಾಕು. ಅದಕ್ಕಿಂತ ತಾಳ್ಮೆಯ ಗುರು ಬೇರೊಬ್ಬನಿಲ್ಲ. ಎಷ್ಟು ಹೊತ್ತು ನೋಡಿದರೂ ಅಲುಗದು.

ಚೊಂಬೆಂದರೆ ಕೆಲವರಿಗೆ ತಂಬಿಗೆ, ಇನ್ನು ಕೆಲವರಿಗೆ ಚರಿಗೆ. ತೆಲುಗಿನವರ ಚೆಂಬು, ತಮಿಳಿನವರ ಸೊಂಬು, ಮರಾಠಿಗರ ತಾಂಬ್ಯಾ ಎಲ್ಲವೂ ಇದರ ನೆಂಟರೇ. ತಮಿಳು ಮಲೆಯಾಳಗಳಲ್ಲಿ ಚೆಂಬೆಂದರೆ ತಾಮ್ರ. ತಂಬಿಗೆ, ತಾಂಬ್ಯಾಗಳ ಬೇರೂ ತಾಮ್ರವೇ. ಗಡಿಯ ಈಚೆಗೂ ಆಚೆಗೂ ಪಾತ್ರೆ ತನ್ನ ಲೋಹದ ಹೆಸರನ್ನೇ ಹೊತ್ತುಕೊಂಡಿದೆ. ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರಕಾರದ ಆಹ್ವಾನದ ಮೇರೆಗೆ ದೇಶವನ್ನು ಸುತ್ತಿ 1958ರಲ್ಲಿ ವರದಿಯೊಂದನ್ನು ಒಪ್ಪಿಸಿದರು. ತಾವು ಕಂಡು ಮೆಚ್ಚಿದ ವಸ್ತುಗಳಲ್ಲಿ ಅವರು ಅತ್ಯಂತ ಎತ್ತರದಲ್ಲಿಟ್ಟದ್ದು ಈ ಸಾಮಾನ್ಯ ಲೋಟಾವನ್ನು, ಎಂದರೆ ನಮ್ಮ ತಂಬಿಗೆಯನ್ನು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ತಲೆಯೆತ್ತಿದ್ದು ಆ ವರದಿಯ ಫಲವಾಗಿ. ನಾವಾದರೋ ಅಜ್ಜಿಯ ಕಾಲದ ಚೊಂಬುಗಳನ್ನು ತೂಕಕ್ಕೆ ಹಾಕಿ ಪ್ಲಾಸ್ಟಿಕ್ ಚೆಂಬು ತಂದವರು, ಇರಲಿ.

ಮೊದಲ ದಿನ ಐದಾರು ವರ್ಷದ ಮಗು ಬರೆಯುವ ಚೊಂಬು ವಿಚಿತ್ರವಾಗಿರುತ್ತದೆ. ಬಾಯಿ ಪೂರ್ಣ ವೃತ್ತ, ತಳ ಅಡ್ಡಗೆರೆಯಷ್ಟು ನೇರ. ನಗಬೇಡಿ. ಬಾಯಿ ದುಂಡಗಿದೆಯೆಂದು ಮಗು ಬಲ್ಲದು. ಚೊಂಬು ನೆಲದ ಮೇಲೆ ಸಮನಾಗಿ ಕೂತಿದೆಯೆಂದೂ ಬಲ್ಲದು. ಬಲ್ಲುದನ್ನೇ ಬರೆದಿದೆ. ಫ್ರಾನ್ಸಿನ ಲ್ಯೂಕೆ ಎಂಬ ವಿದ್ವಾಂಸರು 1927ರ ತಮ್ಮ ಗ್ರಂಥದಲ್ಲಿ ಇದನ್ನೇ ವಿವರಿಸಿದರು. ಇಂಗ್ಲೆಂಡಿನ ನಾರ್ಮನ್ ಫ್ರೀಮನ್ ಮತ್ತು ಅವರ ಜೊತೆಗಾರರೊಬ್ಬರು 1972ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸೊಗಸಾದದ್ದು. ಹಿಡಿಯುಳ್ಳ ಬಟ್ಟಲನ್ನು ಹಿಡಿ ಕಾಣಿಸದಂತೆ ತಿರುಗಿಸಿಟ್ಟು, 5ರಿಂದ 9 ವರ್ಷದ ಮಕ್ಕಳಿಂದ ಬರೆಯಿಸಿದರು. ಚಿಕ್ಕವರು ಕಾಣದ ಹಿಡಿಯನ್ನೂ ಬರೆದರು. ಸುಮಾರು 8 ವರ್ಷವಾದವರು ಅದನ್ನು ಬಿಟ್ಟು, ಕಂಡಷ್ಟನ್ನೇ ಬರೆದರು. ಆದುದರಿಂದ ಪುಟ್ಟ ಮಗುವಿನ ಕೈಯಿಂದ ಪೆನ್ಸಿಲನ್ನು ಕಿತ್ತುಕೊಂಡು ತಿದ್ದಲು ಹೋಗಕೂಡದು. ಹಾಗೆ ತಿದ್ದಿಸಿಕೊಂಡ ಮಗು ಚೊಂಬನ್ನು ನೋಡುವುದನ್ನು ಬಿಟ್ಟು ತಿದ್ದಿದವರ ಮುಖವನ್ನು ನೋಡತೊಡಗುತ್ತದೆ. "ನನಗೆ ಚಿತ್ರ ಬಾರದು" ಎಂಬ ಮಾತು ಹುಟ್ಟುವುದು ಅಲ್ಲಿಯೇ. ಎಂಟು ದಾಟಿದವರಿಗೆ ಮಾತ್ರ ಮುಂದಿನ ಕ್ರಮವನ್ನು ಹೇಳಿಕೊಡಬಹುದು.

ಚೊಂಬನ್ನು ಸ್ಟೂಲಿನ ಮೇಲೆ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ, ನಾಲ್ಕಾರು ಅಡಿ ದೂರದಲ್ಲಿಡಿ. ಬೆಳಕು ಒಂದೇ ಕಿಟಕಿಯಿಂದ ಬರಲಿ. ಮೊದಲು ಕಾಗದದ ನಡುವೆ ನೇರವಾದ ಲಂಬರೇಖೆಯೊಂದನ್ನು ಕಂಡೂ ಕಾಣದಷ್ಟು ತೆಳ್ಳಗೆ ಎಳೆಯಬೇಕು. ಇದು ಚೊಂಬಿನ ಬೆನ್ನೆಲುಬು. ಬಳಿಕ ಕೈಯನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ಚೊಂಬಿಗೆ ಹಿಡಿದು ಹೆಬ್ಬೆರಳಿನಿಂದ ಅಗಲವನ್ನು ಗುರುತಿಸಿ, ಅದೇ ಅಳತೆಯನ್ನು ಎತ್ತರಕ್ಕೆ ಹೋಲಿಸಬೇಕು. ಹೊಟ್ಟೆಯ ಅಗಲ ಎತ್ತರಕ್ಕಿಂತ ಹೆಚ್ಚೋ ಕಡಿಮೆಯೋ? ಕಂಠ ಹೊಟ್ಟೆಯ ಅರ್ಧದಷ್ಟೋ, ಇನ್ನೂ ಅಗಲವೋ? ಅಂದಾಜಿನಲ್ಲಿ ಹೇಳಿದ ಉತ್ತರ ಅಳೆದಾಗ ಸುಳ್ಳಾಗುವುದುಂಟು, ಮಕ್ಕಳಿಗೆ ಅದೇ ದೊಡ್ಡ ವಿನೋದ.

ಇನ್ನು ಬಾಯಿ. ಮೇಲಿನಿಂದ ಇಣುಕಿದರೆ ದುಂಡಗೆ, ಕಣ್ಣಿನ ಮಟ್ಟಕ್ಕೆತ್ತಿ ಹಿಡಿದರೆ ಬರಿಯ ಗೆರೆ. ನಡುವಿನ ಎತ್ತರಗಳಲ್ಲಿ ಚಪ್ಪಟೆಯಾದ ದೀರ್ಘವೃತ್ತ. ಚೊಂಬನ್ನು ಮಗುವಿನ ಕೈಗೇ ಕೊಟ್ಟು ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ಆಡಿಸಲು ಹೇಳಿ. ನಾಲ್ಕು ಪುಟದ ವಿವರಣೆ ಕಲಿಸದುದನ್ನು ಇದು ಅರೆಗಳಿಗೆಯಲ್ಲಿ ಕಲಿಸುತ್ತದೆ. ಬಾಯಿಯ ಎರಡು ತುದಿಗಳು ಮಾವಿನೆಲೆಯಂತೆ ಚೂಪಾಗಬಾರದು, ಅಲ್ಲಿಯೂ ಗೆರೆ ತಿರುಗಿಯೇ ಹೋಗಬೇಕು. ತಳದ ಗೆರೆಯೂ ಬಾಗಿರುತ್ತದೆ. ಕಣ್ಣು ಅದನ್ನು ಇನ್ನಷ್ಟು ಮೇಲಿನಿಂದ ನೋಡುವುದರಿಂದ ಬಾಯಿಗಿಂತ ತುಸು ಹೆಚ್ಚಾಗಿಯೇ ಬಾಗಿರುತ್ತದೆ. ದೊಡ್ಡ ಬಾಗುಗಳನ್ನು ಬೆರಳಿನಿಂದ ಬರೆದರೆ ಗೆರೆ ನಡುಗುತ್ತದೆ. ಅಂಗಳದಲ್ಲಿ ರಂಗೋಲಿಯ ದೊಡ್ಡ ಸುತ್ತನ್ನು ಎಳೆಯುವ ತಾಯಿಯ ತೋಳು ಹೇಗೆ ಭುಜದಿಂದಲೇ ಬೀಸುತ್ತದೆಯೋ ಹಾಗೆ ಬೀಸಬೇಕು. ಗೆರೆ ತಪ್ಪಿದರೆ ರಬ್ಬರು ಬೇಡ, ಪಕ್ಕದಲ್ಲಿಯೇ ಇನ್ನೊಂದು ಗೆರೆ ಎಳೆಯಲಿ. ಎಡ ಬಲಗಳು ಸಮನಾಗಿವೆಯೇ ಎಂದು ತಿಳಿಯಬೇಕಾದರೆ ಲಂಬರೇಖೆಯ ಗುಂಟ ಕಾಗದವನ್ನು ಮಡಿಸಿ ಕಿಟಕಿಯ ಬೆಳಕಿಗೆ ಹಿಡಿದರಾಯಿತು.

ನೆರಳಿನ ವಿಷಯದಲ್ಲಿ ಒಂದೇ ಮಾತು: ಅತಿ ಕಪ್ಪಾದ ಭಾಗ ಅಂಚಿನಲ್ಲಿರದೆ ಅಂಚಿಗಿಂತ ತುಸು ಒಳಗಿರುತ್ತದೆ, ಸುತ್ತಲಿನಿಂದ ಹೊರಳಿ ಬಂದ ಬೆಳಕು ಅಂಚನ್ನು ತಿಳಿಯಾಗಿಸಿರುತ್ತದೆ. ಹಿತ್ತಾಳೆಯ ಥಳಕಿಗೆ ಕಾಗದದ ಬಿಳುಪನ್ನೇ ಹಾಗೆಯೇ ಬಿಡುವುದು.

ಶಾಲೆಯಲ್ಲಿ ಬೇರೆ ಭಾಷೆಯನ್ನು ಓದುವ ನಮ್ಮ ಮಕ್ಕಳಿಗೆ ಈ ಅರ್ಧ ಗಂಟೆಯಿಂದ ಇನ್ನೊಂದು ಲಾಭವಿದೆ. ಬಾಯಿ, ಕಂಠ, ಹೊಟ್ಟೆ, ತಳ, ಅಂಚು, ಬಾಗು, ಓರೆ, ನೆರಳು: ಈ ಮಾತುಗಳು ಊಟಕ್ಕೆ ಕರೆಯುವ ಕನ್ನಡದಲ್ಲಿ ಬರುವುದು ಕಡಿಮೆ. ಚೊಂಬಿನ ಮುಂದೆ ಕುಳಿತವರು ಅವನ್ನು ಆಡದೆ ಇರಲಾರರು. ಅಜ್ಜಿಯೊಬ್ಬರು ಪಕ್ಕದಲ್ಲಿ ಕುಳಿತು ಮಾತನಾಡಿಸಿದರಂತೂ ತಾಯಿತಂದೆಯರೂ ಮರೆತ ಒಂದೆರಡು ಪದಗಳು ಸೇರಿಕೊಂಡಾವು.

ವಾರಕ್ಕೆರಡು ದಿನ, ಅದೇ ಚೊಂಬು, ಬೇರೆ ಬೇರೆ ಮಗ್ಗುಲು. ಹಾಳೆಗಳಿಗೆ ತಾರೀಕು ಹಾಕಿಡಿ. ಹತ್ತು ಚೊಂಬುಗಳಾದ ಮೇಲೆ ಗಿಂಡಿಯನ್ನು ಇಳಿಸಿಕೊಡಬಹುದು. ಅದರ ಮೂತಿಯನ್ನು ಒಮ್ಮೆ ಮಗುವಿನ ಕಡೆಗೇ ತಿರುಗಿಸಿಟ್ಟು ಏನು ಬರೆಯುತ್ತದೆಂದು ಸುಮ್ಮನೆ ನೋಡಿ.